ವಿದೇಶದಿಂದ ಊರಿಗೆ ವಾಪಸ್: ಗದ್ದೆ ಕೊಳ್ಳಬಹುದಾ?

ಅಮೆರಿಕದಲ್ಲಿ ದುಡಿದವರು ನಿವೃತ್ತಿಯಾದ್ಮೇಲೆ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಂಥ ಊರಿಗೇ ಬರಬೇಕು ಅಂತಾರಲ್ಲ, ಯಾಕೆ? ಹೇಮಾವತಿ ದಡ, ಹಿಮ ಬೀಳದ ಹವೆ, ಮೈಸೂರಿಗೆ ರೈಲು, ಕಡಿಮೆ ಖರ್ಚು. ಎಲ್ಲಕ್ಕಿಂತ ಹೆಚ್ಚಾಗಿ, ಕನ್ನಡದಲ್ಲೇ ಮಾತಾಡೋ ನೆರೆಹೊರೆ.

ಆದ್ರೆ ಒಂದು ತೊಡಕಿದೆ. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇಲ್ಲ. ಅಲ್ಲಿನ ಪಾಸ್‌ಪೋರ್ಟ್ ತಗೊಂಡವರಿಗೆ ಇಲ್ಲಿ ಸಿಗೋದು ಒಸಿಐ ಕಾರ್ಡ್. ಅದಿದ್ರೆ ಬೇಕಾದಷ್ಟು ವರ್ಷ ಇರಬಹುದು, ಮನೆ ಕೊಳ್ಳಬಹುದು. ಮತ ಹಾಕೋಕಾಗಲ್ಲ, ಕೃಷಿ ಜಮೀನು ಕೊಳ್ಳೋ ಹಾಗಿಲ್ಲ. 2020ರಲ್ಲಿ ಕರ್ನಾಟಕ ತನ್ನ ಭೂಸುಧಾರಣಾ ಕಾಯ್ದೆ ಸಡಿಲಿಸಿದ್ರೂ, ಕೇಂದ್ರದ ಈ ನಿಯಮ ಬದಲಾಗಲಿಲ್ಲ. ಊರಲ್ಲಿದ್ದ ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದ ಗದ್ದೆಯನ್ನ ಮಾತ್ರ ಇಟ್ಕೋಬಹುದು.

ಹಾಗಾಗಿ ನಿಮ್ಮ ಮಾವನೋ ಅಕ್ಕನೋ ವಾಪಸ್ ಬರ್ತೀವಿ ಅಂದ್ರೆ, ಜಮೀನು ನೋಡೋ ಮುಂಚೆ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ.