ಹೈಸ್ಕೂಲಿನ ಔಟ್‌ಟರ್ನ್ ನೋಡುವ ಬಗೆ

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ಮಲೆನಾಡಿನ ಯಾವ ಸೊಸೈಟಿಯ ಜಗಲಿಯಲ್ಲಿ ನಿಂತರೂ ಅಡಿಕೆ ಧಾರಣೆಯ ಮಾತು ಸ್ವಲ್ಪ ಹೊತ್ತು ಹಿಂದೆ ಸರಿಯುತ್ತದೆ. ಪಕ್ಕದ ಊರಿನ ಸರಕಾರಿ ಪ್ರೌಢಶಾಲೆ ನೂರಕ್ಕೆ ನೂರು, ನಮ್ಮೂರಿನದು ಎಂಬತ್ತಾರು. ಆದ್ದರಿಂದ ಅದು ಒಳ್ಳೆಯ ಶಾಲೆ, ನಮ್ಮದು ಅಷ್ಟಕ್ಕಷ್ಟೆ ಎಂದು ಐದು ನಿಮಿಷದಲ್ಲಿ ತೀರ್ಮಾನವಾಗಿಬಿಡುತ್ತದೆ. ಜೂನ್ ಬಂತೆಂದರೆ ಕೆಲವರು ಮಕ್ಕಳ ಟಿ.ಸಿ. ಕೇಳಲು ಹೊರಡುತ್ತಾರೆ. ಇಷ್ಟು ದೊಡ್ಡ ತೀರ್ಮಾನವನ್ನು ಒಂದೇ ಅಂಕಿಯ ಮೇಲೆ ಮಾಡಬಹುದೇ ಎಂದು ಸದಸ್ಯ ಬಾಂಧವರೊಡನೆ ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಮೊದಲನೆಯದಾಗಿ, ಈ ವರ್ಷದ ಅಂಕಿಯನ್ನು ಹೋದ ವರ್ಷದ ಅಂಕಿಯೊಡನೆ ಹೋಲಿಸುವಾಗ ಎಚ್ಚರ ಬೇಕು. ರಾಜ್ಯದ ಒಟ್ಟು ಫಲಿತಾಂಶ 2023ರಲ್ಲಿ ಶೇ. 83.89 ಇದ್ದುದು 2024ರಲ್ಲಿ ಶೇ. 73.40ಕ್ಕೆ ಇಳಿಯಿತು. 2023ರಲ್ಲಿ ಮೊದಲ ಸ್ಥಾನದಲ್ಲಿದ್ದ ಚಿತ್ರದುರ್ಗ ಜಿಲ್ಲೆ ಮರುವರ್ಷ 21ನೆಯ ಸ್ಥಾನಕ್ಕೆ ಬಂತು. ಒಂದೇ ವರ್ಷದಲ್ಲಿ ಅಲ್ಲಿನ ಮೇಷ್ಟರುಗಳೆಲ್ಲ ಪಾಠ ಮಾಡುವುದನ್ನು ಮರೆತರೇ? ಹಾಗಲ್ಲ. ಆ ವರ್ಷ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. ಕೃಪಾಂಕವನ್ನು ಹೆಚ್ಚಿಸಿದರೂ ಫಲಿತಾಂಶ ಹಿಂದಿನ ವರ್ಷದ ಮಟ್ಟಕ್ಕೆ ಏರಲಿಲ್ಲ. ತಕ್ಕಡಿಯೇ ಬದಲಾದಾಗ ಹಳೆಯ ತೂಕವನ್ನೂ ಹೊಸ ತೂಕವನ್ನೂ ಪಕ್ಕಪಕ್ಕ ಇಟ್ಟು ಪ್ರಯೋಜನವಿಲ್ಲ. ಒಂದೇ ವರ್ಷದಲ್ಲಿ, ಒಂದೇ ತಾಲ್ಲೂಕಿನ ಶಾಲೆಗಳನ್ನು ಹೋಲಿಸುವುದೇ ಸರಿ.

ಹಾಗೆ ಹೋಲಿಸುವಾಗಲೂ ಇನ್ನೊಂದು ಮಾತುಂಟು. ಔಟ್‌ಟರ್ನ್ ಎಂದರೇನೆಂದು ಕಾಫಿ ಬೆಳೆಗಾರರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಚೆರಿ ಚೀಲವನ್ನು ಮೊದಲು ತೂಗಿ, ಆಮೇಲೆ ಬೀಜ ತೂಗಿದರೆ ತಾನೆ ಲೆಕ್ಕ? ತೂಗುವ ಮೊದಲೇ ಅರ್ಧ ಆರಿಸಿ ಬದಿಗಿಟ್ಟರೆ ಎಂಥ ಚೀಲಕ್ಕೂ ಒಳ್ಳೆಯ ಔಟ್‌ಟರ್ನ್ ಬರುತ್ತದೆ. ಶಾಲೆಯ ಲೆಕ್ಕವೂ ಹಾಗೆಯೇ.

ಉದಾಹರಣೆಗೆ ಎರಡು ಶಾಲೆಗಳನ್ನು ಊಹಿಸಿಕೊಳ್ಳೋಣ. ಒಂದರಲ್ಲಿ ಎಂಟನೆಯ ತರಗತಿಗೆ 40 ಮಕ್ಕಳು ಸೇರಿದರು; ಹತ್ತನೆಯ ತರಗತಿಯಲ್ಲಿ ಪರೀಕ್ಷೆಗೆ ಕುಳಿತವರು 30, ಪಾಸಾದವರು 30. ಫಲಿತಾಂಶ ನೂರಕ್ಕೆ ನೂರು. ಇನ್ನೊಂದಕ್ಕೆ ಸೇರಿದವರು 60, ಕುಳಿತವರು 58, ಪಾಸಾದವರು 50. ಫಲಿತಾಂಶ ಶೇ. 86. ಆದರೆ ಸೇರಿದವರ ಲೆಕ್ಕ ಹಿಡಿದರೆ ಮೊದಲನೆಯದು ಶೇ. 75, ಎರಡನೆಯದು ಶೇ. 83! ಈಗ ಯಾವ ಶಾಲೆ ಮುಂದೆ?

ಮೊದಲ ಶಾಲೆಯ ಆ ಹತ್ತು ಮಕ್ಕಳು ಎಲ್ಲಿ ಹೋದರು ಎಂಬುದೇ ನಿಜವಾದ ಪ್ರಶ್ನೆ. ಬೇರೆ ಶಾಲೆಗೆ ಸೇರಿದ್ದರೆ ಚಿಂತೆಯಿಲ್ಲ. ಆದರೆ ‘ಶಾಲೆಯ ಫಲಿತಾಂಶ ಕೆಡುತ್ತದೆ’ ಎಂದು ಒಂಬತ್ತನೆಯ ತರಗತಿಯಲ್ಲೇ ನಿಲ್ಲಿಸಲ್ಪಟ್ಟು, ಮತ್ತೆ ಶಾಲೆಯ ಕಡೆ ಮುಖ ಹಾಕದೆ ಹೋದವರಿದ್ದರೆ ಆ ನೂರು ಯಾವ ಊರಿಗೂ ಹೆಮ್ಮೆಯಲ್ಲ. ಮಕ್ಕಳಲ್ಲಿ ಜೊಳ್ಳು ಎಂಬುದಿಲ್ಲ. ತಡವಾಗಿ ಹಣ್ಣಾಗುವವರು ಇರುತ್ತಾರೆ, ಅಷ್ಟೆ. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂದದ್ದು ಇಂಥವರಿಗಾಗಿಯೇ. ಮೊದಲ ಪರೀಕ್ಷೆಯಲ್ಲಿ ಸೋತವರನ್ನು ಮನೆಯಿಂದ ಕರೆತಂದು ಮತ್ತೆ ಕೂರಿಸುವ ಶಾಲೆಯ ಶ್ರಮ ಮೊದಲ ದಿನದ ಪತ್ರಿಕೆಯಲ್ಲಿ ಕಾಣುವುದಿಲ್ಲ.

ಇನ್ನು ನಮ್ಮ ಮಾತಿಗೆ ಬರೋಣ. ನಾವು ಬಹಳ ಮಂದಿ ನಮ್ಮ ಮಕ್ಕಳನ್ನು ಹಳದಿ ಬಸ್ಸು ಹತ್ತಿಸಿ ಪೇಟೆಯ ಶಾಲೆಗೆ ಕಳಿಸುತ್ತೇವೆ. ಊರಿನ ಹೈಸ್ಕೂಲಿನಲ್ಲಿ ಉಳಿದಿರುವವರಲ್ಲಿ ನಮ್ಮ ಲೈನು ಮನೆಗಳ ಮಕ್ಕಳೇ ಹೆಚ್ಚು. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಒಟ್ಟಿಗೆ ಬಂದು ಆಳಿಗೆ ಪರದಾಟವಾಗುವ ಡಿಸೆಂಬರ್, ಜನವರಿ ತಿಂಗಳುಗಳೇ ಹತ್ತನೆಯ ತರಗತಿಯ ಮುಖ್ಯ ಪಾಠಗಳ ಕಾಲವೂ ಹೌದು. ತಾಯಿ ಹಣ್ಣು ಕೀಳಲು ಹೋದರೆ ತಮ್ಮನನ್ನು ನೋಡಿಕೊಳ್ಳಲು ದೊಡ್ಡ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಅವಳು ಗಣಿತದಲ್ಲಿ ಫೇಲಾದರೆ ದೋಷವೆಲ್ಲ ಮೇಷ್ಟರದೇ ಎನ್ನುವುದು ನ್ಯಾಯವಲ್ಲ. ಆ ದೋಷದಲ್ಲಿ ನಮ್ಮ ಪಾಲೂ ಇದೆ.

ಆದ್ದರಿಂದ ಮುಂದಿನ ಬಾರಿ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋದಾಗ ಸದಸ್ಯರು ನಾಲ್ಕು ಪ್ರಶ್ನೆ ಕೇಳಬೇಕೆಂದು ನಮ್ಮ ವಿನಂತಿ. ಎಂಟನೆಯ ತರಗತಿಗೆ ಸೇರಿದವರೆಷ್ಟು, ಪರೀಕ್ಷೆಗೆ ಕುಳಿತವರೆಷ್ಟು? ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರು ಇದ್ದಾರೆಯೇ, ಅತಿಥಿ ಶಿಕ್ಷಕರೇ? ಕೊಯ್ಲಿನ ತಿಂಗಳುಗಳಲ್ಲಿ ಹಾಜರಿ ಎಷ್ಟು? ವರ್ಷದ ಕೊನೆಯ ಪರೀಕ್ಷೆ ಮುಗಿದ ಮೇಲೆ ಇನ್ನೂ ಪಾಸಾಗದೆ ಉಳಿದವರು ಯಾರು?

ಸಹಕಾರ ಸಂಘಗಳು ಪ್ರತಿ ವರ್ಷ ಹೆಚ್ಚು ಅಂಕ ಪಡೆದ ಸದಸ್ಯರ ಮಕ್ಕಳಿಗೆ ಪುರಸ್ಕಾರ ಕೊಡುತ್ತವೆ, ಕೊಡಲಿ. ಅದರ ಜೊತೆಗೆ, ಸೇರಿದ ಮಕ್ಕಳಲ್ಲಿ ಒಬ್ಬರನ್ನೂ ಕಳೆದುಕೊಳ್ಳದೆ ಹತ್ತನೆಯ ತರಗತಿ ದಾಟಿಸಿದ ಶಾಲೆಗೂ ಸರ್ವಸದಸ್ಯರ ಸಭೆಯಲ್ಲಿ ಒಂದು ಹಾರ ಸಲ್ಲಲಿ. ಆ ಶಾಲೆಯ ಅಂಕಿ ಎಂಬತ್ತಾರೇ ಇದ್ದರೂ ಚಿಂತೆಯಿಲ್ಲ.