ಮೊದಲು ಕರೆಂಟ್, ಆಮೇಲೆ ಪೆಟ್ರೋಲ್

ಏಪ್ರಿಲ್ ತಿಂಗಳ ಮಧ್ಯಾಹ್ನ ಮತ್ತಿಕೆರೆಯಿಂದ ಯಶವಂತಪುರದ ಕಡೆ ಹೊರಟ ಹಳೆಯ ಪದ್ಮಿನಿ ಕಾರು ಸಿಗ್ನಲ್‌ನಲ್ಲಿ ನಿಂತು, ಮತ್ತೆ ಸ್ಟಾರ್ಟ್ ಆಗಲ್ಲ ಎಂದು ಹಟ ಹಿಡಿಯಿತು ಅಂದುಕೊಳ್ಳಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಪಕ್ಕದವರು ತಳ್ಳೋಣವಾ ಎನ್ನುತ್ತಾರೆ. ವಿಷಯ ಗೊತ್ತಿರುವ ಮಾಲೀಕ ಇದ್ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ಬಾನೆಟ್ ಎತ್ತಿ, ಒರೆಸುವ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಫ್ಯುಯೆಲ್ ಪಂಪಿನ ಮೇಲೆ ಹೊದಿಸಿ ಸುಮ್ಮನೆ ನಿಲ್ಲುತ್ತಾನೆ. ಎಂಜಿನ್ನಿನ ಮೈಗೇ ಅಂಟಿಕೊಂಡಿರುವ ಆ ಪಂಪು ಕಾದಾಗ ಒಳಗಿನ ಪೆಟ್ರೋಲ್ ಆವಿಯಾಗುತ್ತದೆ. ಪಂಪಿನ ಡಯಾಫ್ರಂ ದ್ರವವನ್ನು ತಳ್ಳಬಲ್ಲದು, ಆವಿಯನ್ನಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿರುವುದರಿಂದ ಇಲ್ಲಿ ಪೆಟ್ರೋಲ್ ಸ್ವಲ್ಪ ಬೇಗವೇ ಕುದಿಯುತ್ತದೆ. ಪಂಪು ತಣ್ಣಗಾದರೆ ಗಾಡಿ ಹೊರಡುತ್ತದೆ. ಬಿಚ್ಚುವಂಥದ್ದು, ಬದಲಿಸುವಂಥದ್ದು ಏನೂ ಇಲ್ಲ.

ಇಂಥ ಎಂಜಿನ್‌ಗಳನ್ನು ನೋಡಿಕೊಳ್ಳುವ ಕಸಬು ಮತ್ತಿಕೆರೆಯ ಸುತ್ತಮುತ್ತ ಬೇರೂರಿದ್ದಕ್ಕೆ ಆಚೀಚೆಯ ನೆರೆಹೊರೆಯೇ ಕಾರಣವಿರಬೇಕು. ಜಾಲಹಳ್ಳಿಯ ಕಡೆ 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್. ಇನ್ನೊಂದು ಮಗ್ಗುಲಿಗೆ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ 1940ರ ದಶಕದಲ್ಲೇ ಇಂಟರ್ನಲ್ ಕಂಬಷನ್ ಎಂಜಿನಿಯರಿಂಗ್‌ಗೆಂದು ಪ್ರತ್ಯೇಕ ವಿಭಾಗ ಇತ್ತು. ಪಶ್ಚಿಮಕ್ಕೆ ಪೀಣ್ಯದ ಲೇತುಗಳು. ಊರಿನ ಆ ತುದಿಯ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮಾಡುತ್ತಿದ್ದ ಮೈಕೋ, ನಡುವೆ ಬಿಡಿಭಾಗಗಳ ಜೆ.ಸಿ. ರಸ್ತೆ. ಇಂಚನ್ನು ಸಾವಿರ ಪಾಲು ಮಾಡಿ ಮಾತಾಡುವ ಫಿಟ್ಟರುಗಳೂ ಟರ್ನರುಗಳೂ ಈ ಬೀದಿಗಳಲ್ಲಿ ಮನೆ ಕಟ್ಟಿಕೊಂಡರು. ಭಾನುವಾರ ಅವರ ಕೈಗೆ ಕೆಲಸ ಕೊಟ್ಟದ್ದು ನೆರೆಯವರ ಫಿಯೆಟ್ಟು, ಹೆರಾಲ್ಡು, ಅಂಬಾಸಿಡರು.

ಈ ಮೂರರಲ್ಲಿ ಅಂಬಾಸಿಡರ್‌ನದ್ದು ದೀರ್ಘಾಯುಸ್ಸು. ಮೊದಲು ಬಂದದ್ದು 1476 ಸಿಸಿಯ ಸೈಡ್ ವಾಲ್ವ್ ಎಂಜಿನ್. 1959ರಲ್ಲಿ 1489 ಸಿಸಿಯ ಓವರ್‌ಹೆಡ್ ವಾಲ್ವ್ ಎಂಜಿನ್ ಅದರ ಜಾಗಕ್ಕೆ ಬಂದು ದಶಕಗಟ್ಟಲೆ ದುಡಿಯಿತು. ಫಿಯೆಟ್ ಎಂದೇ ಕರೆಸಿಕೊಂಡ, ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪದ್ಮಿನಿಯದ್ದು 1089 ಸಿಸಿ: 68 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕು. ಎರಡರಲ್ಲೂ ನಾಲ್ಕೇ ಸಿಲಿಂಡರ್, ಎರಡರಲ್ಲೂ ಬೆಂಕಿ ಹೊತ್ತುವ ಕ್ರಮ 1-3-4-2. ಒಂದು ಕಲಿತವನಿಗೆ ಇನ್ನೊಂದು ಮುಕ್ಕಾಲುಪಾಲು ಬಂದ ಹಾಗೆಯೇ.

ನನಗೆ ಪರಿಚಯದ ಮೇಸ್ತ್ರಿಯೊಬ್ಬರು ಇಲ್ಲಿನ ಅಡ್ಡರಸ್ತೆಯೊಂದರಲ್ಲಿ ತಗಡಿನ ಶೆಡ್ ಇಟ್ಟುಕೊಂಡಿದ್ದಾರೆ. ಬಂದವರೆಲ್ಲ ಒಂದೇ ದೂರು ತರುತ್ತಾರೆ: ಕಾರ್ಬೋರೇಟರ್ ಹೋಗಿದೆ. ಅವರ ಉತ್ತರವೂ ಒಂದೇ. "ಮೊದಲು ಕರೆಂಟ್ ನೋಡೋಣ ಸಾರ್, ಆಮೇಲೆ ಪೆಟ್ರೋಲು. ಕಾರ್ಬೋರೇಟರ್‌ಗೆ ಕೈ ಹಾಕೋದು ಕೊನೇಲಿ." ಈ ಕಸಬಿನ ಸಾರವೆಲ್ಲ ಈ ಸರದಿಯಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಕಾರ್ಬೋರೇಟರ್ ಕಣ್ಣಿಗೆ ಕಾಣುತ್ತದೆ, ಅದರಲ್ಲಿ ತಿರುಗಿಸಲು ಸ್ಕ್ರೂ ಇದೆ. ಹಾಗಾಗಿ ಎಲ್ಲರೂ ಅದನ್ನೇ ತಿರುಗಿಸುತ್ತಾರೆ. ರೋಗ ಬಹಳ ಸಲ ಡಿಸ್ಟ್ರಿಬ್ಯೂಟರ್ ಮುಚ್ಚಳದ ಕೆಳಗೆ ಕೂತಿರುತ್ತದೆ.

ಆ ಮುಚ್ಚಳದ ಎರಡು ಕ್ಲಿಪ್ ಬಿಚ್ಚಿದರೆ ಪಾಯಿಂಟ್ ಕಾಣುತ್ತದೆ. ಎರಡು ಪುಟ್ಟ ಲೋಹದ ಬೊಟ್ಟುಗಳು, ನಡುವೆ ಕ್ಯಾಮಿನ ಏಣು ತಳ್ಳಿದಾಗ ಮಾತ್ರ ತೆರೆದುಕೊಳ್ಳುವ ಸಂದು. ಅಂಬಾಸಿಡರ್‌ನಲ್ಲಿ ಆ ಸಂದು ಇಂಚಿನ ಸಾವಿರದಲ್ಲಿ 14ರಿಂದ 16 ಭಾಗ. ಪಾಯಿಂಟ್ ತೆರೆದ ಕ್ಷಣವೇ ಕಾಯಿಲ್‌ನೊಳಗಿನ ಕಾಂತಕ್ಷೇತ್ರ ಕುಸಿದು 12 ವೋಲ್ಟ್ ಸಾವಿರಾರು ವೋಲ್ಟ್ ಆಗಿ ಪ್ಲಗ್ಗಿನ ತುದಿಯಲ್ಲಿ ಹಾರುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಇದು ನಡೆಯುವುದು ಸೆಕೆಂಡಿಗೆ ನೂರು ಸಲ. ಅಷ್ಟು ಸಲ ಕ್ಯಾಮಿಗೆ ಉಜ್ಜಿಸಿಕೊಳ್ಳುವ ಪಾಯಿಂಟಿನ ಹಿಮ್ಮಡಿ ಸವೆಯದೆ ಇನ್ನೇನು? ಹಿಮ್ಮಡಿ ಸವೆದರೆ ಸಂದು ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ, ಪಿಕಪ್ ಇಳಿಯುತ್ತದೆ. ಮಾಲೀಕ ಕಾರ್ಬೋರೇಟರ್‌ನ ಜೆಟ್ ಬದಲಿಸುತ್ತಾನೆ!

ಮೇಸ್ತ್ರಿ ಪಾಯಿಂಟನ್ನು ಬೆರಳಿನಿಂದ ತೆರೆದು ಮುಚ್ಚಿ ನೋಡುತ್ತಾರೆ. ಬೊಟ್ಟುಗಳ ನಡುವೆ ದಪ್ಪ ನೀಲಿ ಕಿಡಿ ಹಾರಿದರೆ ಕಂಡೆನ್ಸರ್ ಸತ್ತಿದೆ. ಕಂಡೆನ್ಸರ್‌ನ ಕೆಲಸವೇ ಅಲ್ಲಿ ಕಿಡಿ ಹಾರದಂತೆ ತಡೆದು ಕಾಯಿಲ್‌ನ ಕುಸಿತವನ್ನು ಚುರುಕು ಮಾಡುವುದು. ಅಂಗಡಿಯಿಂದ ತಂದ ಹೊಸ ಕಂಡೆನ್ಸರನ್ನೂ ಅವರು ನಂಬುವುದಿಲ್ಲ. ಹಳೆಯದು ಚೆನ್ನಾಗಿದ್ದರೆ ಎಸೆಯಬೇಡಿ ಎನ್ನುತ್ತಾರೆ.

ಆಮೇಲೆ ಟ್ಯಾಪೆಟ್, ಅಂದರೆ ವಾಲ್ವುಗಳ ಸಂದು. ಅಂಬಾಸಿಡರ್‌ನ ಎಂಟು ವಾಲ್ವುಗಳಿಗೆ ಒಂಬತ್ತರ ಲೆಕ್ಕವೊಂದಿದೆ. ಎಂಟನೆಯ ವಾಲ್ವ್ ಪೂರ್ತಿ ತೆರೆದಿರುವಾಗ ಒಂದನೆಯದನ್ನು ಹೊಂದಿಸಬೇಕು. ಏಳು ತೆರೆದಾಗ ಎರಡು, ಆರು ತೆರೆದಾಗ ಮೂರು. ಕೂಡಿದರೆ ಯಾವಾಗಲೂ ಒಂಬತ್ತೇ. ಫೀಲರ್ ಗೇಜಿನ ಎಲೆ ರಾಕರ್ ಮತ್ತು ವಾಲ್ವಿನ ನಡುವೆ ತೂರಬೇಕು, ಆದರೆ ಸ್ವಲ್ಪ ತಡೆದು ತೂರಬೇಕು. ಆ ತಡೆ ಎಷ್ಟಿರಬೇಕು ಎಂಬುದನ್ನು ಬಾಯಲ್ಲಿ ಹೇಳಲಾಗದು. ಮೇಸ್ತ್ರಿ ಎಲೆಯನ್ನು ನನ್ನ ಕೈಗೆ ಕೊಟ್ಟು ಎಳೆಸಿದರು, ಗೊತ್ತಾಯಿತು. ಸಂದು ಹೆಚ್ಚಾದರೆ ಟಕಟಕ ಸದ್ದು, ಅದರಿಂದ ಭಾರೀ ಹಾನಿಯಿಲ್ಲ. ಕಡಿಮೆಯಾದರೆ ಸದ್ದೇ ಇರದು, ವಾಲ್ವ್ ಸುಡುತ್ತದೆ. ಆದ್ದರಿಂದ ಎಂಜಿನ್ ಸದ್ದಿಲ್ಲದೆ ಓಡುತ್ತದೆ ಎಂದು ಹಿಗ್ಗುವವರನ್ನು ಕಂಡರೆ ಮೇಸ್ತ್ರಿಗೆ ಅನುಮಾನ.

ಕಿಡಿಯೂ ವಾಲ್ವೂ ಸರಿಯಾದ ಮೇಲೆ ಕಾರ್ಬೋರೇಟರ್‌ನ ಸರದಿ. ನಮ್ಮೂರಿಗೇ ಸೇರಿದ ಒಂದು ಸಂಗತಿ ಇಲ್ಲಿದೆ. ಕಾರ್ಬೋರೇಟರ್‌ಗೆ ಗಾಳಿಯ ತೂಕ ತಿಳಿಯದು, ಹರಿವು ಮಾತ್ರ ತಿಳಿಯುತ್ತದೆ. ಸಮುದ್ರಮಟ್ಟದ ಮುಂಬೈಯಲ್ಲೋ ಕೋಲ್ಕತ್ತದ ಬಳಿಯ ಉತ್ತರಪಾಡಾದಲ್ಲೋ ಹೊಂದಿಸಿದ ಜೆಟ್, ಗಾಳಿ ತೆಳುವಾದ ಬೆಂಗಳೂರಿಗೆ ಬಂದಾಗ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಪ್ಲಗ್ ಬಿಚ್ಚಿದರೆ ಸಾಕ್ಷಿ ಸಿಗುತ್ತದೆ. ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿಕೊಂಡಿದ್ದರೆ ಕಡಿಮೆ, ಎಣ್ಣೆಯಲ್ಲಿ ತೊಯ್ದಿದ್ದರೆ ರಿಂಗೋ ವಾಲ್ವ್ ಗೈಡೋ ಸವೆದಿದೆ. ನಶ್ಯದ ಬಣ್ಣದಲ್ಲಿದ್ದರೆ ಮುಟ್ಟಲು ಹೋಗಬೇಡಿ.

ಈಗ ಈ ಲೆಕ್ಕಕ್ಕೆ ಎಥೆನಾಲ್ ಸೇರಿಕೊಂಡಿದೆ. ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಇ20 ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದೂ ಬೆಂಗಳೂರಿನಲ್ಲೇ, 2023ರ ಫೆಬ್ರವರಿಯ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಥೆನಾಲ್‌ಗೆ ಒಂಬತ್ತು ಗ್ರಾಂ ಸಾಕು. ಹಾಗಾಗಿ ಅದೇ ಜೆಟ್ಟಿನಲ್ಲಿ ಇ20 ಹರಿದರೆ ಮಿಶ್ರಣ ತೆಳುವಾಗುತ್ತದೆ. ಬೆಂಗಳೂರಿನ ಎತ್ತರ ಮಿಶ್ರಣವನ್ನು ದಟ್ಟ ಮಾಡುತ್ತದೆ, ಎಥೆನಾಲ್ ತೆಳುವಾಗಿಸುತ್ತದೆ. ಮಂಗಳೂರಿನಲ್ಲಿ ಇ20 ಕುಡಿದು ಕೆಮ್ಮುವ ಅಂಬಾಸಿಡರ್ ಮತ್ತಿಕೆರೆಯಲ್ಲಿ ಅಷ್ಟು ಕೆಮ್ಮದಿದ್ದರೆ ಆಶ್ಚರ್ಯವಿಲ್ಲ.

ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಎಥೆನಾಲ್ ನೀರನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ನೀರು ಸೇರಿದ ಎಥೆನಾಲ್ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂರಬಹುದು, ತುಕ್ಕು ಹಿಡಿಸಬಹುದು. ಹಳೆಯ ರಬ್ಬರಿನ ಪಂಪ್ ಡಯಾಫ್ರಂ, ಹೋಸುಗಳು ಉಬ್ಬುತ್ತವೆ, ಇಲ್ಲವೇ ಬಿರಿಯುತ್ತವೆ. ಎಥೆನಾಲ್ ತಡೆಯುವ ಹೋಸು ಹಾಕಿಸುವುದು ಮೇಣದ ಪಾಲಿಷ್‌ಗಿಂತ ಮುಖ್ಯ. ರ್‍ಯಾಲಿಗೆ ಹೊರಡುವ ಎಷ್ಟೋ ಮಂದಿಗೆ ಇದನ್ನು ಒಪ್ಪಿಸುವುದು ಕಷ್ಟ. ಸೀಸದ ವಿಷಯ ಇದಕ್ಕಿಂತ ಹಳೆಯದು. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸರಹಿತ ಪೆಟ್ರೋಲ್ ಮಾತ್ರ ಸಿಗುತ್ತಿದೆ. ಸೀಸ ವಾಲ್ವ್ ಸೀಟುಗಳಿಗೆ ಹೊದಿಕೆಯಂತಿತ್ತು. ಅದಿಲ್ಲದೆ ಹಳೆಯ ಎರಕದ ಸೀಟುಗಳು ಮೆಲ್ಲಗೆ ಕುಳಿ ಬೀಳುತ್ತವೆ. ಹೆಡ್ ಬಿಚ್ಚಿದಾಗ ಗಟ್ಟಿ ಉಕ್ಕಿನ ಸೀಟ್ ಕೂರಿಸಿಬಿಟ್ಟರೆ ಆ ಚಿಂತೆ ತೀರಿತು.

ಕಾಗದಪತ್ರದ ಬಗ್ಗೆ ಎರಡು ಮಾತು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿ 'ವಿಂಟೇಜ್'. ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರಗಳು, ಮೊದಲ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ನಿತ್ಯ ಓಡಿಸುವಂತಿಲ್ಲ. ಇದು ನನಗೆ ಅರ್ಧಂಬರ್ಧ ಕೃಪೆಯಂತೆ ಕಾಣುತ್ತದೆ. ಎಂಜಿನ್ನಿಗೆ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು ಹಾನಿ.

ತಾತನ ಕಾಲದ ಗಾಡಿ ಶೆಡ್‌ನಲ್ಲಿ ವರ್ಷಗಟ್ಟಲೆ ನಿಂತಿದ್ದು, ಈಗ ಎಬ್ಬಿಸುವ ಆಸೆ ನಿಮಗಿದ್ದರೆ ಹೊಸ ಬ್ಯಾಟರಿ ತಂದು ಕೂಡಲೇ ಕೀ ತಿರುಗಿಸಬೇಡಿ. ಹಳೆಯ ಪೆಟ್ರೋಲ್ ಪೂರ್ತಿ ಇಳಿಸಿ, ಎಂಜಿನ್ ಆಯಿಲ್ ಬದಲಿಸಿ. ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರ್‌ಗೆ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಗಾಡಿ ನ್ಯೂಟ್ರಲ್‌ನಲ್ಲಿದೆಯೇ ನೋಡಿಕೊಂಡು, ಸ್ಟಾರ್ಟಿಂಗ್ ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸಿ. ಬಿಗಿಯಾಗಿದ್ದರೆ ಬಲ ಹಾಕದೆ ಇನ್ನೆರಡು ದಿನ ಕಾಯಿರಿ. ಸಲೀಸಾಗಿ ತಿರುಗಿತೆಂದರೆ ಪಾಯಿಂಟ್ ಒರೆಸಿ, ಪ್ಲಗ್ ಹಾಕಿ, ಹೊಸ ಪೆಟ್ರೋಲ್ ತುಂಬಿ ಸ್ಟಾರ್ಟ್ ಮಾಡಿ. ಎಂಜಿನ್ ಹಿಡಿದ ಕೆಲವೇ ಸೆಕೆಂಡಿನಲ್ಲಿ ಆಯಿಲ್ ಪ್ರೆಷರ್ ದೀಪ ಆರದಿದ್ದರೆ, ಸದ್ದು ಎಷ್ಟೇ ಇಂಪಾಗಿದ್ದರೂ, ಆಫ್ ಮಾಡಿ ಮೇಸ್ತ್ರಿಗೆ ಹೇಳಿಕಳಿಸಿ.