ಹತ್ತು ಸಾವಿರಕ್ಕೆ ಐದು

ದಿನಕ್ಕೆ ಸುಮಾರು 1500 ಕೋಟಿ ಬೇಡದ ಮೇಲ್‌ಗಳನ್ನು ಜಿಮೇಲ್ ತಡೆಯುತ್ತದೆ ಎಂದು ಗೂಗಲ್ 2023ರಲ್ಲಿ ಹೇಳಿತ್ತು. ದಿನದ 86,400 ಸೆಕೆಂಡುಗಳಿಗೆ ಹಂಚಿ ನೋಡಿ: ಸೆಕೆಂಡಿಗೆ 1 ಲಕ್ಷ 73 ಸಾವಿರ! ಈ ರಭಸದಲ್ಲಿ ತೂರುವಾಗ ಜೊಳ್ಳಿನ ಜೊತೆ ಕಾಳೂ ಹಾರದಿದ್ದೀತೆ?

ಎಷ್ಟು ಹಾರುತ್ತದೆ ಎಂಬುದನ್ನೂ ಗೂಗಲ್ 2015ರ ಜುಲೈನಲ್ಲಿ ಹೇಳಿತ್ತು. ಬೇಕಾದ ಮೇಲ್ ಸ್ಪ್ಯಾಮ್ ಪಾಲಾಗುವುದು ಶೇ. 0.05ಕ್ಕಿಂತ ಕಡಿಮೆ, ಅಂದರೆ ಹತ್ತು ಸಾವಿರಕ್ಕೆ ಐದೂ ಇಲ್ಲ. ಮನುಷ್ಯರು ಕೂತು ವಿಂಗಡಿಸಿದ್ದರೆ ಇಷ್ಟು ಕರಾರುವಾಕ್ಕಾಗಿ ಮಾಡುತ್ತಿರಲಿಲ್ಲ ಅನ್ನಿಸುತ್ತದೆ. ಆದರೆ ಆಗ ಜಿಮೇಲ್ ಬಳಕೆದಾರರು 90 ಕೋಟಿ. ತಲೆಗೆ ದಿನಕ್ಕೊಂದೇ ಬೇಕಾದ ಮೇಲ್ ಎಂದಿಟ್ಟುಕೊಂಡು, ಹತ್ತು ಸಾವಿರಕ್ಕೆ ಐದರಂತೆ ಗುಣಿಸಿದರೆ ದಿನಕ್ಕೆ ನಾಲ್ಕೂವರೆ ಲಕ್ಷ!

ಅದೇ ತಿಂಗಳು ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್ ರೂಪಿಸಿದ ಲಿನಸ್ ಟೋರ್ವಾಲ್ಡ್ಸ್ ತಮ್ಮ ಸ್ಪ್ಯಾಮ್ ಫೋಲ್ಡರ್ ಜಾಲಾಡಿದರು. ಸುಮಾರು 1000 ಥ್ರೆಡ್‌ಗಳನ್ನು (ಮೇಲ್ ಸರಪಳಿಗಳನ್ನು) ನೋಡುವಷ್ಟರಲ್ಲಿ 228 ಅಸಲಿ ಸಿಕ್ಕವು: ಕರ್ನಲ್‌ಗೆಂದು ಬಂದ ಪ್ಯಾಚ್‌ಗಳು ಅಂದರೆ ಕೋಡ್ ತಿದ್ದುಪಡಿಗಳು, ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆಗಳು. ಶೇ. 20ಕ್ಕೂ ಹೆಚ್ಚು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೂಗುವುದು ನ್ಯಾಯವಲ್ಲ, ನಿಜ. ಒಂದು ಎಲ್ಲರ ಮೇಲ್‌ಗಳ ಸರಾಸರಿ, ಇನ್ನೊಂದು ಒಬ್ಬರ ಸ್ಪ್ಯಾಮ್ ಫೋಲ್ಡರಿನ ಎಣಿಕೆ. ನನ್ನನ್ನು ದಂಗುಬಡಿಸುವುದು ಅದೇ. ಹತ್ತು ಸಾವಿರಕ್ಕೆ ಐದು ಎಂಬ ತಪ್ಪು ಎಲ್ಲರ ಮನೆಗೂ ಚೂರುಚೂರು ಹಂಚಿಹೋಗುವುದಿಲ್ಲ. ಎಲ್ಲೋ ಒಂದು ಬಾಗಿಲಲ್ಲಿ ಗುಡ್ಡೆ ಬೀಳುತ್ತದೆ.

ತಾಂತ್ರಿಕ ಮೇಲ್‌ಗಳ ಚಹರೆಯೇ ಹಾಗಿದೆ. ಒಂದೇ ಗಳಿಗೆಯಲ್ಲಿ 1/15, 2/15 ಎಂದು ಸಂಖ್ಯೆ ಹೊತ್ತು ಒಂದರ ಹಿಂದೊಂದು, ನೂರಾರು ಜನರಿಗೆ ಒಟ್ಟಿಗೆ, ಒಳಗೆ ಮಾತಿಗಿಂತ ಚಿಹ್ನೆಗಳೇ ಹೆಚ್ಚು. ಸ್ಪ್ಯಾಮ್ ಬಿತ್ತುವವನ ನಡೆಯೂ ಇದೇ. ಸ್ಪ್ಯಾಮ್ ಸೋಸುವ ಬಗೆ ಹುಡುಕುತ್ತಿದ್ದ ಪ್ರೋಗ್ರಾಮರ್ ಪಾಲ್ ಗ್ರಹಾಂ 2002ರಲ್ಲಿ ತಲಾ ನಾಲ್ಕು ಸಾವಿರದಷ್ಟು ಸ್ಪ್ಯಾಮ್ ಮತ್ತು ಅಸಲಿ ಮೇಲ್‌ಗಳ ಪದಗಳನ್ನು ಎಣಿಸಿದಾಗ, ಅಶ್ಲೀಲ ಪದಗಳಷ್ಟೇ ಬಲವಾದ ಸ್ಪ್ಯಾಮ್ ಗುರುತಾಗಿ ಸಿಕ್ಕಿದ್ದು ‘ಎಫ್‌ಎಫ್0000’. ವೆಬ್ ಪುಟಗಳಲ್ಲಿ ಅಚ್ಚ ಕೆಂಪು ಬಣ್ಣದ ಸಂಕೇತ ಅದು. ಪುಟ ವಿನ್ಯಾಸ ಮಾಡುವವರು ಸಹೋದ್ಯೋಗಿಗೆ ದಿನವೂ ಬರೆಯಬಹುದಾದ ಪದ!

ಲಿನಕ್ಸ್ ಕರ್ನಲ್‌ನ ಒಂದೊಂದು ಆವೃತ್ತಿಗೆ ಒಂಬತ್ತು-ಹತ್ತು ವಾರಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳು ಸೇರುತ್ತವೆ. ಹದಿನೈದರ ಸರಣಿಯಲ್ಲಿ ಏಳನೆಯ ಪ್ಯಾಚ್ ಕಾಣೆಯಾದರೆ ಅದನ್ನು ನೆಚ್ಚಿದ ಮುಂದಿನವು ಕೂರುವುದಿಲ್ಲ. ಕಳಿಸಿದವನಿಗೆ ಸುದ್ದಿಯೇ ಇರದು, ಏಕೆಂದರೆ ಸ್ಪ್ಯಾಮ್ ಫೋಲ್ಡರಿಗೆ ಬಿದ್ದ ಮೇಲ್ ವಾಪಸು ಬರುವುದಿಲ್ಲ. ಅವನು ಉತ್ತರಕ್ಕೆ ಕಾಯುತ್ತಾನೆ. ಜಿಮೇಲ್ 30 ದಿನ ಕಾದು ಅದನ್ನು ಅಳಿಸುತ್ತದೆ.